ಕಾಳಿ ದಂಡೆಯಲ್ಲಿ ಕ್ವಾರ್ಕ್‌ಗಳ ಲೆಕ್ಕ

ಸದಾಶಿವಗಡಕ್ಕೆ ಬಂದ ಮರುದಿನ ಬೆಳಿಗ್ಗೆ ಕಿಟಕಿ ತೆರೆದರೆ ನದಿ ಹಿಂದಕ್ಕೆ ಹರಿಯುತ್ತಿತ್ತು.

ಕಣ್ಣುಜ್ಜಿಕೊಂಡು ಮತ್ತೆ ನೋಡಿದೆ. ಹಿಂದಿನ ಸಂಜೆ ಬಸ್ಸು ಸೇತುವೆ ದಾಟುವಾಗ ಕಾಳಿ ನದಿ ಸಮುದ್ರದ ಕಡೆಗೇ ಹೋಗುತ್ತಿದ್ದುದನ್ನು ಕಂಡಿದ್ದೆ. ಈಗ ಒಂದು ತೆಂಗಿನ ಗರಿ ಸಮುದ್ರದಿಂದ ಬಂದು ಘಟ್ಟದ ದಿಕ್ಕಿಗೆ ಆರಾಮಾಗಿ ತೇಲಿಹೋಗುತ್ತಿತ್ತು, ಮರೆತುಬಿಟ್ಟ ಏನನ್ನೋ ತರಲು ವಾಪಸು ಹೊರಟವರ ಹಾಗೆ. ನಾನು ಭೌತಶಾಸ್ತ್ರ ಓದಿದವಳು. ಚಂದ್ರ, ಸೂರ್ಯ, ಉಬ್ಬರ, ಇಳಿತ ಎಲ್ಲ ಪುಸ್ತಕದಲ್ಲಿ ಗೊತ್ತು. ಆದರೆ ನಾನು ಹುಟ್ಟಿದ್ದು ತಾಳಿಕೋಟಿ ಹತ್ತಿರದ ಡೋಣಿ ದಂಡೆಯಲ್ಲಿ. ಡೋಣಿ ಹರಿದರೆ ಓಣಿಯೆಲ್ಲ ಜೋಳ ಎಂದು ನಮ್ಮ ಕಡೆ ಹೇಳುತ್ತಾರೆ. ಹರಿದರೆ ಮುಂದಕ್ಕೆ ಹರಿಯುತ್ತದೆ, ಇಲ್ಲದಿದ್ದರೆ ಬತ್ತುತ್ತದೆ. ನದಿಗೆ ಇರುವುದು ಇವೆರಡೇ ನಡತೆ ಎಂದು ನಂಬಿ ಬೆಳೆದವಳು ಕಿಟಕಿಯಿಂದ ಇನ್ನಷ್ಟು ಹೊರಗೆ ಬಗ್ಗಿದೆ.

ಕೆಳಗೆ ಅಂಗಳ ಗುಡಿಸುತ್ತಿದ್ದ ಮನೆಯ ಒಡತಿ ಕೃಷ್ಣಾಬಾಯಿ ತಲೆಯೆತ್ತಿ ನೋಡಿದರು.

"ಎಂಥ ಆಯ್ತು ಬಾಯ?"

"ನದಿ ಉಲ್ಟಾ ಹೊಂಟೈತಲ್ರೀ!"

ಅವರಿಗೆ ನನ್ನ ಕನ್ನಡ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಪೊರಕೆ ಕೆಳಗಿಟ್ಟು ನಕ್ಕರು. "ಭರ್ತಿ ಬಾಯ, ಭರ್ತಿ. ಸಮುದ್ರ ತುಂಬ್ತದೆ, ನೀರು ಒಳಗೆ ಬರ್ತದೆ. ಮಧ್ಯಾಹ್ನ ನೋಡಿ, ಹೊರಗೆ ಹೋಗ್ತದೆ."

ಭರ್ತಿ ಎಂದರೆ ಕೊಂಕಣಿಯಲ್ಲಿ ಉಬ್ಬರ. ಇಲ್ಲಿ ನಾನು ಕಲಿತ ಮೊದಲ ಶಬ್ದ ಅದು.

ಕಾರವಾರಕ್ಕೆ ಯಾಕೆ ಹೋದೆ ಎಂದು ಊರಿನವರು ಈಗಲೂ ಕೇಳುತ್ತಾರೆ. ಸರಳ ಉತ್ತರವೆಂದರೆ, ಸದಾಶಿವಗಡದಿಂದ ಸೇತುವೆ ದಾಟಿದರೆ ಸಿಗುವ ಕಾರವಾರದ ಪದವಿ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಕಾಯಂ ಕೆಲಸ ಸಿಕ್ಕಿತು. ಅದಕ್ಕೂ ಹಿಂದಿನ ಕಥೆ ಹೇಳಬೇಕೆಂದರೆ ನಾನು ಏನು ಓದಿದೆ ಎಂಬುದನ್ನು ಹೇಳಬೇಕು. ಅದನ್ನು ಹೇಳಲು ಹೋದಾಗಲೆಲ್ಲ ನಮ್ಮ ಅವ್ವ "ಇರ್ಲಿ ಬಿಡವಾ, ಉಣ್ಣು" ಎಂದು ತಾಟು ಮುಂದಿಡುತ್ತಿದ್ದಳು. ಆದರೂ ಪ್ರಯತ್ನಿಸುತ್ತೇನೆ.

ಎರಡು ಭಾರದ ಪರಮಾಣು ಬೀಜಗಳನ್ನು ಬೆಳಕಿನ ವೇಗದ ಹತ್ತಿರಕ್ಕೆ ಓಡಿಸಿ ಢಿಕ್ಕಿ ಹೊಡೆಸಿದರೆ, ಯಾವ ಗಡಿಯಾರವೂ ಅಳೆಯಲಾರದಷ್ಟು ಚಿಕ್ಕ ಹೊತ್ತು ಒಂದು ಬಿಸಿ ದ್ರವ ಹುಟ್ಟುತ್ತದೆ. ಸೂರ್ಯನ ಒಡಲಿಗಿಂತ ಲಕ್ಷಪಟ್ಟು ಬಿಸಿ. ಆ ಬಿಸಿಗೆ ಪ್ರೋಟಾನು, ನ್ಯೂಟ್ರಾನುಗಳೇ ಕರಗಿ, ಅವುಗಳೊಳಗೆ ಕಟ್ಟಿಹಾಕಿದಂತಿದ್ದ ಕ್ವಾರ್ಕ್, ಗ್ಲುಆನ್ ಎಂಬ ಕಣಗಳು ಬಿಡುಬೀಸಾಗಿ ಓಡಾಡುತ್ತವೆ. ಇದಕ್ಕೆ ಕ್ವಾರ್ಕ್-ಗ್ಲುಆನ್ ಪ್ಲಾಸ್ಮಾ ಎನ್ನುತ್ತಾರೆ. ವಿಶ್ವ ಹುಟ್ಟಿದ ಮೊದಲ ಗಳಿಗೆಯಲ್ಲಿ ಇದ್ದದ್ದೆಲ್ಲ ಇದೇ. ಇದರೊಳಗೆ ಥರ್ಮಾಮೀಟರು ಇಡಲು ಆಗುವುದಿಲ್ಲ. ಇದನ್ನು ಹಾದು ಹೊರಬಂದ ಒಂದು ವೇಗದ ಕಣವನ್ನು ಹಿಡಿದು, ಅದು ಎಷ್ಟು ಶಕ್ತಿ ಕಳೆದುಕೊಂಡಿದೆ ಎಂದು ಲೆಕ್ಕ ಹಾಕಿ, ಒಳಗೆ ಎಷ್ಟು ಬಿಸಿಯಿತ್ತು, ಎಷ್ಟು ದಟ್ಟವಾಗಿತ್ತು ಎಂದು ತಿಳಿಯಬೇಕು. ಸಂತೆಯಿಂದ ಹೊರಬಂದವರ ಅಂಗಿ ನೋಡಿ ಒಳಗಿನ ನೂಕುನುಗ್ಗಲು ಹೇಳಿದ ಹಾಗೆ. ನಾನು ಲೆಕ್ಕ ಹಾಕುತ್ತಿದ್ದದ್ದು ಚಾರ್ಮ್ ಎಂಬ ಭಾರದ ಕ್ವಾರ್ಕಿನದು. ಅದು ಬೇರೆ ಕಣಗಳಿಗೆ ಢಿಕ್ಕಿ ಹೊಡೆದೂ ಶಕ್ತಿ ಕಳೆದುಕೊಳ್ಳುತ್ತದೆ, ದಾರಿಯುದ್ದಕ್ಕೂ ಗ್ಲುಆನ್‌ಗಳನ್ನು ಚೆಲ್ಲಿಯೂ ಕಳೆದುಕೊಳ್ಳುತ್ತದೆ.

ಡಾಕ್ಟರೇಟು ಆಯಿತು. ಆಮೇಲೆ ಶುರುವಾದದ್ದು ತಾತ್ಕಾಲಿಕ ಸಂಶೋಧಕಿಯ ಬದುಕು. ಒಂದು ಊರಿನಲ್ಲಿ ಎರಡು ವರ್ಷ, ಇನ್ನೊಂದರಲ್ಲಿ ಒಂದು. ಹಾಸ್ಟೆಲ್ಲಿನ ಮಂಚ, ಬೇರೆಯವರ ಕುರ್ಚಿ. ಕೋಲ್ಕತ್ತದ ಒಂದು ಕೋಣೆಯಲ್ಲಿ ಗೋಡೆಗೆ ಮೊಳೆ ಹೊಡೆಯಲು ಹೋದವಳು, ಹೇಗೂ ಬಿಡುವುದೇ ಅಲ್ಲವೇ ಎಂದು ಸುತ್ತಿಗೆ ಕೆಳಗಿಟ್ಟದ್ದು ನೆನಪಿದೆ. ಹಾಗಿರುವಾಗ ಕಾರವಾರದ ಕೆಲಸ ಬಂತು. ಒಂದೆರಡು ವರ್ಷ ಇದ್ದು, ಉಸಿರು ತೆಗೆದುಕೊಂಡು, ಮತ್ತೆ ಸಂಶೋಧನೆಗೆ ಹೋದರಾಯಿತು ಎಂದುಕೊಂಡು ಹೊರಟೆ.

ಕೃಷ್ಣಾಬಾಯಿಯವರ ಮಹಡಿಯ ಕೋಣೆ ಸಿಕ್ಕಿದ್ದು ಅದೃಷ್ಟ. ಮೀನು ತಿನ್ನದವಳು ಎಂದು ತಿಳಿದಾಗ ಅವರು ನನ್ನನ್ನು ತುಸು ಕನಿಕರದಿಂದ ನೋಡಿದರು. "ಶಿವರಾಕ್," ಎಂದರು. ಮೀನು, ಮಾಂಸ ಇಲ್ಲದ ಊಟಕ್ಕೆ ಇಲ್ಲಿನ ಕೊಂಕಣಿಯಲ್ಲಿ ಇರುವ ಹೆಸರು ಅದು. ಶಿವನ ಹೆಸರು ಅದರಲ್ಲೇ ಇದೆಯಲ್ಲ, ನಮಗೆ ಸರಿಯಾಯಿತು ಎಂದು ನಾನೂ ಒಪ್ಪಿಕೊಂಡೆ. ಬೆಳಿಗ್ಗೆ ಅವರು ಕೊಡುತ್ತಿದ್ದ ಕುಚ್ಚಲಕ್ಕಿ ಗಂಜಿ, ಅಂದರೆ ಪೇಜ, ಮೊದಲ ದಿನ ನನಗೆ ಕಾಯಿಲೆಯವರ ಊಟ ಎನಿಸಿತು. ಖಡಕ್ ರೊಟ್ಟಿ ಮುರಿದು ಶೇಂಗಾ ಚಟ್ನಿ ಹಚ್ಚಿ ತಿಂದ ಬಾಯಿಗೆ ಅದು ಎಲ್ಲಿ ತಾಗಬೇಕು? ಊರಿನಿಂದ ತಂದ ಜೋಳದ ಹಿಟ್ಟು ಇಲ್ಲಿನ ತೇವಕ್ಕೆ ಬೇಗ ಮುಗ್ಗಲಾಯಿತು. ಅದನ್ನು ಚೆಲ್ಲುವಾಗ ಅಳು ಬಂತು. ಹಿಟ್ಟಿಗಾಗಿ ಅತ್ತೆನೆಂದು ಅವ್ವನಿಗೆ ಹೇಳಲಿಲ್ಲ. ಆದರೆ ಬೇಸಿಗೆ ಬಂದು, ಪುನರ್ಪುಳಿ ಮತ್ತು ತೆಂಗಿನ ಹಾಲಿನ ಸೋಲಕಡಿ ಕುಡಿದ ದಿನ, ನಮ್ಮ ಬಿಸಿಲಿನ ಊರಿಗೆ ಇದು ಯಾಕೆ ಬಂದಿಲ್ಲ ಎಂದು ಸಿಟ್ಟೇ ಬಂತು.

ಭಾಷೆಯದು ಬೇರೆಯೇ ಕಥೆ. ಮನೆಯಲ್ಲಿ, ಅಂಗಡಿಯಲ್ಲಿ, ಬಸ್ಸಿನಲ್ಲಿ ಕೊಂಕಣಿ. ಕಾಲೇಜಿನಲ್ಲಿ ಕನ್ನಡ, ಆದರೆ ಅದು ನನ್ನ ಕನ್ನಡವಲ್ಲ. ನಾನು ತರಗತಿಯಲ್ಲಿ "ಹಿಂಗ್ಯಾಕ ಆಕ್ಕೈತಿ?" ಎಂದು ಕೇಳಿದರೆ ಹಿಂದಿನ ಬೆಂಚಿನಲ್ಲಿ ನಗು ಏಳುತ್ತಿತ್ತು. ಕೆಲವು ವಾರದಲ್ಲಿ ನಾನು ಪುಸ್ತಕದ ಕನ್ನಡಕ್ಕೆ ಇಳಿದೆ. ಅದು ಯಾರದೂ ಅಲ್ಲದ ಕನ್ನಡ, ಆದ್ದರಿಂದ ಯಾರೂ ನಗಲಿಲ್ಲ. ಕೃಷ್ಣಾಬಾಯಿಯವರಲ್ಲಿ ಒಮ್ಮೆ ಈ ಸಂಕಟ ತೋಡಿಕೊಂಡಾಗ ಅವರು, "ನಾನೂ ಹೊರಗಿನವಳೇ ಅಲ್ದಾ," ಎಂದರು. ಅವರು ಹುಟ್ಟಿದ್ದು ನದಿಯ ಆಚೆ, ಕಾರವಾರದ ದಕ್ಷಿಣಕ್ಕೆ, ಸಮುದ್ರದ ಅಂಚಿನ ಒಂದು ಕೇರಿಯಲ್ಲಿ. ನೌಕಾನೆಲೆ ಬಂದಾಗ ಆ ಕೇರಿ ಖಾಲಿಯಾಯಿತು. "ಈಗ ಅಲ್ಲಿ ನಮ್ದು ಬಾವಿ ಉಂಟಾ ಇಲ್ವಾ ಗೊತ್ತಿಲ್ಲ. ಒಳಗೆ ಬಿಡೂದಿಲ್ಲ." ಇಷ್ಟು ಹೇಳಿ ಅಕ್ಕಿ ಆರಿಸತೊಡಗಿದರು. ಬರೀ ಅರ್ಧ ಗಂಟೆಯ ಹಾದಿಯ ವಲಸೆ ಅವರದು. ನನ್ನದಕ್ಕಿಂತ ಅದು ದೂರ ಎಂದು ನನಗೆ ಆಗ ಅನಿಸಿತು.

ಇದೆಲ್ಲದರ ಒಂಟಿತನ ಹೇಗೋ ಅಭ್ಯಾಸವಾಗುತ್ತದೆ. ಅಭ್ಯಾಸವಾಗದೆ ಉಳಿದದ್ದು ಒಂದೇ. ನನ್ನ ತಲೆಯೊಳಗೆ ಓಡುತ್ತಿದ್ದ ಲೆಕ್ಕದ ಬಗ್ಗೆ ಮಾತಾಡಲು ಇಲ್ಲಿ ಒಬ್ಬರೂ ಇರಲಿಲ್ಲ. ಹಿಂದಿದ್ದ ಊರುಗಳಲ್ಲಿ ಚಹಾದ ಹೊತ್ತಿಗೆ ಯಾರಾದರೂ ಬೋರ್ಡಿನ ಮುಂದೆ ನಿಂತು ಜಗಳವಾಡುತ್ತಿದ್ದರು. ಇಲ್ಲಿ ಸ್ಟಾಫ್ ರೂಮಿನ ಮಾತು ವರ್ಗಾವಣೆ, ಪರೀಕ್ಷಾ ಡ್ಯೂಟಿ, ಮಕ್ಕಳ ಮದುವೆ.

ಹಾಗಿರುವಾಗ ಗಾಂವಕರ ಸರ್ ಸಿಕ್ಕರು.

ಅವರು ಅದೇ ಕಾಲೇಜಿನಲ್ಲಿ ಉಷ್ಣಶಾಸ್ತ್ರ ಕಲಿಸಿ ನಿವೃತ್ತರಾದವರು. ಅಂಕೋಲೆಯ ಪಕ್ಕದ ಬೊಬ್ರುವಾಡದಲ್ಲಿ ಮನೆ, ಸ್ವಲ್ಪ ಗದ್ದೆ, ಮಾವಿನ ಮರಗಳು. ಪ್ರಯೋಗಾಲಯದ ಹಳೆಯ ಉಪಕರಣಗಳು ಅವರ ಕೈಗೆ ಮಾತ್ರ ಬಗ್ಗುತ್ತಿದ್ದವಾದ್ದರಿಂದ ಯಾರೂ ಕರೆಯದಿದ್ದರೂ ಆಗಾಗ ಬಸ್ಸು ಹತ್ತಿ ಬರುತ್ತಿದ್ದರು. ಇಲ್ಲಿ ಶಿಕ್ಷಕಿಯರನ್ನು ಅಕ್ಕೋರು ಎನ್ನುತ್ತಾರೆ. ಅವರ ಬಾಯಲ್ಲಿ ನಾನು ಮೊದಲ ದಿನದಿಂದಲೂ ಅಕ್ಕೋರೇ.

"ಅಕ್ಕೋರೇ, ನೀವು ಎಂಥದೋ ಪ್ಲಾಸ್ಮಾ ಓದಿದ್ರಂತಲ್ಲ. ನಂಗೂ ಸ್ವಲ್ಪ ಹೇಳ್ರಿ ನೋಡ್ವಾ."

ವಿನಯಕ್ಕೆ ಕೇಳುತ್ತಿದ್ದಾರೆ ಎಂದುಕೊಂಡು ಎರಡು ಮಾತು ಹೇಳಿದೆ. ಅವರು ಸ್ಟೂಲು ಎಳೆದು ಕೂತರು. ನಾನು ಚಾಕ್ ತೆಗೆದುಕೊಂಡೆ. ಬಹಳ ದಿನದ ಮೇಲೆ ಬೋರ್ಡಿನ ಮೇಲೆ ನನ್ನದೇ ಸಮೀಕರಣ ಬರೆದೆ. ಕಣ ಒಳಗೆ ಹೋಗುತ್ತದೆ, ಇಷ್ಟು ಶಕ್ತಿ ಕಳೆದುಕೊಂಡು ಹೊರಬರುತ್ತದೆ. ಅವರು ಕೊನೆಯವರೆಗೆ ಆಲಿಸಿ ಒಂದು ಪ್ರಶ್ನೆ ಹಾಕಿದರು:

"ಅದು ಕಳ್ಕೊಂಡದ್ದು ಹೋಗೂದು ಎಲ್ಲಿಗೆ? ಪ್ಲಾಸ್ಮಾ ಬಿಸಿ ಆಗ್ಬೇಕಲ್ಲ?"

"ಆಗುತ್ತದೆ ಸರ್. ಅದರ ಮೇಲೂ ಬಹಳ ಜನ ಕೆಲಸ ಮಾಡಿದ್ದಾರೆ."

"ಹಂಗಾದ್ರೆ ಆ ಕಣ ಓಡಿ ಓಡಿ ಸುಸ್ತಾದ ಮೇಲೆ, ಅದೇ ಬಿಸಿ ಅದಕ್ಕೆ ವಾಪಸ್ ಸಿಗೂದಿಲ್ವಾ?"

ಸಿಗುತ್ತದೆ. ನಿಧಾನವಾದ ಭಾರದ ಕಣವನ್ನು ಸುತ್ತಲಿನ ಬಿಸಿಯೇ ನೂಕಾಡಿಸಿ ಅದಕ್ಕೆ ಶಕ್ತಿ ಕೊಡುತ್ತದೆ. ಇದೂ ಹೊಸ ವಿಷಯವಲ್ಲ. ಆದರೆ ಕಣ ತಾನೇ ಬಿಸಿಮಾಡಿದ ದಾರಿಯಲ್ಲಿ ಹೋಗುವಾಗ, ಕೊಡುವುದು ನಿಂತು ಪಡೆಯುವುದು ಶುರುವಾಗುವ ಆ ಹಂತ ಎಷ್ಟು ಆಚೀಚೆ ಸರಿಯುತ್ತದೆ? ಅದನ್ನು ಸರಿಯಾಗಿ ಲೆಕ್ಕ ಹಾಕಿದವರು ನನಗೆ ಗೊತ್ತಿರಲಿಲ್ಲ. ಚಾಕ್ ಹಿಡಿದು ನಿಂತೇ ಇದ್ದೆ. ಅಂಕೋಲೆಯ ಬಸ್ಸು ತಪ್ಪುತ್ತದೆ ಎಂದು ಅವರು ಎದ್ದರು. "ಶನಿವಾರ ಮನೆ ಬದಿಗೆ ಬರ್ರಿ. ಕೂತು ನೋಡೂನು."

ಹೀಗೆ ಶನಿವಾರ ಮಧ್ಯಾಹ್ನಗಳು ಬೊಬ್ರುವಾಡದವಾದವು. ಅವರ ಮನೆಯ ಜಗಲಿಯಲ್ಲಿ ಕಾಗದ ಹರಡಿಕೊಂಡು ಕೂರುತ್ತಿದ್ದೆವು. ನಾನು ಕ್ವಾಂಟಂ ಭಾಗ ಕಲಿಸುತ್ತಿದ್ದೆ. ಅವರು ಮೊದಲ ವರ್ಷದ ವಿದ್ಯಾರ್ಥಿಯ ಹಾಗೆ ತಪ್ಪು ಮಾಡಿ, ಬೈಸಿಕೊಂಡು, ಮುಂದಿನ ವಾರಕ್ಕೆ ಅದೇ ಅಧ್ಯಾಯವನ್ನು ಮತ್ತೆ ಓದಿ ಬರುತ್ತಿದ್ದರು. ಅವರ ಹೆಂಡತಿ ಸುಮಿತ್ರಕ್ಕ ಚಹಾ ತಂದಿಟ್ಟು, "ಇನ್ನೂ ಬಿಸಿ ಆಗ್ಲಿಲ್ವಾ ನಿಮ್ದು?" ಎಂದು ನಗುತ್ತಿದ್ದರು. ಆ ಜಗಲಿಯಲ್ಲಿ ನನ್ನ ಬಾಯಿಗೆ ನಮ್ಮ ಊರಿನ ಕನ್ನಡ ವಾಪಸು ಬಂತು. ಗಾಂವಕರ ಸರ್ "ಎಂಥಕ್ಕೆ" ಎನ್ನುತ್ತಿದ್ದರು, ನಾನು "ಯಾಕಂದ್ರ" ಎನ್ನುತ್ತಿದ್ದೆ, ಲೆಕ್ಕ ಮುಂದೆ ಹೋಗುತ್ತಿತ್ತು.

ಎರಡನೆಯ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಉತ್ತರ ಯುರೋಪಿನ ಒಂದು ಸಣ್ಣ ನಗರದ ವಿಶ್ವವಿದ್ಯಾಲಯದಿಂದ ಕರೆ ಬಂತು. ಹಿಂದೆ ನಾನು ಬರೆದ ಪ್ರಬಂಧಗಳನ್ನು ಓದಿದ್ದವರು. ಪ್ಲಾಸ್ಮಾದಲ್ಲಿ ಭಾರದ ಕಣಗಳ ಶಕ್ತಿನಷ್ಟದ ಮೇಲೆಯೇ ಒಂದು ತಂಡ ಕಟ್ಟುತ್ತಿದ್ದರು, ಮೂರು ವರ್ಷಕ್ಕೆ ನನ್ನನ್ನು ಕರೆದಿದ್ದರು. ಕಾಲೇಜಿನಲ್ಲಿ ವಿಚಾರಿಸಿದೆ. ನನ್ನ ಪರೀಕ್ಷಾರ್ಥ ಅವಧಿ ಮುಗಿದಿರಲಿಲ್ಲ. ಅಷ್ಟು ಉದ್ದದ ರಜೆ ಸಿಗುವುದಿಲ್ಲ, ಹೋಗುವುದಾದರೆ ರಾಜೀನಾಮೆ ಕೊಟ್ಟೇ ಹೋಗಬೇಕು ಎಂದರು.

ಆ ತಿಂಗಳಷ್ಟೇ ನಾನು ಒಂದು ಮಂಚ ಕೊಂಡಿದ್ದೆ. ಬದುಕಿನಲ್ಲಿ ನನ್ನದೇ ಎಂದು ಕೊಂಡ ಮೊದಲ ಮಂಚ. ಅದನ್ನು ಮಹಡಿಗೆ ಏರಿಸಲು ನೆರೆಯವರೆಲ್ಲ ಸೇರಬೇಕಾಗಿ ಬಂದಿತ್ತು. ವಿಷಯ ತಿಳಿದ ಕೃಷ್ಣಾಬಾಯಿ ಮೇಲೆ ಬಂದು ಆ ಮಂಚದ ತುದಿಯಲ್ಲಿ ಕೂತರು.

"ಅಲ್ಲಿ ಚಳಿ ಅಲ್ದಾ? ಬರಫ್ ಬೀಳ್ತದಂತೆ."

"ಹೌದು."

"ಇಲ್ಲಿ ನಿಮ್ಗೆ ಎಂಥ ಕಡಿಮೆ ಆಯ್ತು ಬಾಯ?"

ಏನು ಕಡಿಮೆ ಎಂದು ಕೊಂಕಣಿಯಲ್ಲಿ ಹೇಳುವಷ್ಟು ನನಗೆ ಬರುತ್ತಿರಲಿಲ್ಲ. ಕನ್ನಡದಲ್ಲಿ ಬರುತ್ತಿತ್ತೇ ಎಂದು ಈಗ ಕೇಳಿಕೊಳ್ಳುತ್ತೇನೆ.

ಗಾಂವಕರ ಸರ್ ಮಾತ್ರ ಕೇಳಿದ ತಕ್ಷಣ, "ಹೋಗ್ರಿ ಅಕ್ಕೋರೇ," ಎಂದರು. "ಇದಕ್ಕೆಂಥ ವಿಚಾರ ಮಾಡೂದು?"

"ನಮ್ಮ ಲೆಕ್ಕ?"

"ಅಲ್ಲಿ ಕೂತು ಮಾಡ್ರಿ. ದೊಡ್ಡ ಕಂಪ್ಯೂಟರ್ ಇರ್ತದೆ, ಮಾತಾಡಲಿಕ್ಕೆ ಜನ ಇರ್ತಾರೆ."

ನನಗೆ ಯಾಕೋ ಅದು ಅವರ ಸಂಕಟದ ಮಾತು ಎನಿಸಿತು. ಇವರೂ ಒಂದು ಕಾಲದಲ್ಲಿ ಇಂಥ ಅವಕಾಶ ಬಿಟ್ಟು ಬಂದವರು, ಅದಕ್ಕೇ ನನ್ನನ್ನು ನೂಕುತ್ತಿದ್ದಾರೆ ಎಂದು ನಾನೇ ಒಂದು ಕಥೆ ಕಟ್ಟಿಕೊಂಡಿದ್ದೆ. ಹಾಗೆಯೇ ಕೇಳಿಬಿಟ್ಟೆ. "ನಿಮಗೂ ಸಂಶೋಧನೆ ಮಾಡುವ ಆಸೆ ಇತ್ತಲ್ಲವೇ ಸರ್? ಮನೆಯ ಸಲುವಾಗಿ ಬಿಟ್ಟಿರೇನು?"

ಅವರು ಆಶ್ಚರ್ಯದಿಂದ ನೋಡಿದರು. "ಯಾರ್ ಹೇಳಿದ್ರು ನಿಮ್ಗೆ? ನಂಗೆ ಪಾಠ ಮಾಡೂದೇ ಬೇಕಾಗಿತ್ತು. ಅದನ್ನೇ ಮಾಡ್ದೆ. ಈಗ ಇದು ಚಂದ ಅದೆ ಅಂದಿ ನಿಮ್ಮತ್ರ ಕಲೀತೆ. ಅಷ್ಟೇ ಮಾರಾಯ್ರೆ."

ನನ್ನ ಕಥೆಯಲ್ಲಿ ನನಗೊಬ್ಬರು ಜೊತೆಗಾರರು ಇದ್ದಾರೆ ಎಂದುಕೊಂಡಿದ್ದೆ. ಇರಲಿಲ್ಲ. ಕಾರವಾರಕ್ಕೆ ವಾಪಸು ಬರುವ ಬಸ್ಸಿನಲ್ಲಿ, ಬಂದಂದಿನಿಂದ ಅಷ್ಟು ಒಂಟಿ ಅನಿಸಿದ್ದಿಲ್ಲ.

ಕೊನೆಗೆ ಹೋಗಲಿಲ್ಲ. ಯಾರೂ ತಡೆಯಲಿಲ್ಲ, ಯಾರ ಮೇಲೂ ತಪ್ಪು ಹೊರಿಸುವ ಹಾಗಿಲ್ಲ. ಇನ್ನೊಂದು ಕೋಣೆ, ಇನ್ನೊಂದು ಭಾಷೆ, ಮೂರು ವರ್ಷದ ಮೇಲೆ ಮತ್ತೆ ಅರ್ಜಿ. ಯೋಚಿಸಿದರೆ ಮೈ ಭಾರವಾಗುತ್ತಿತ್ತು. ಲೆಕ್ಕವನ್ನು ಇಲ್ಲಿಂದಲೂ ಮಾಡಬಹುದು, ಕಾಗದ, ಪೆನ್ನು, ಒಂದು ಹಳೆಯ ಲ್ಯಾಪ್‌ಟಾಪು ಸಾಕು ಎಂದು ನನಗೆ ನಾನೇ ಹೇಳಿಕೊಂಡೆ. ಒಂದು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಕೂತು ಬರಲಾಗುವುದಿಲ್ಲ ಎಂದು ಬರೆದು ಕಳಿಸಿದೆ. ಎದುರಿನ ಕುರ್ಚಿಯವರು ಪೇರಲ ಹಣ್ಣು ಹಂಚುತ್ತಿದ್ದರು. ಒಂದು ಹೋಳು ತೆಗೆದುಕೊಂಡೆ.

ಆಮೇಲೆ ಕೆಲವು ವಾರ ಬಹಳ ಚೆನ್ನಾಗಿದ್ದವು. ತೀರ್ಮಾನವಾದ ಮೇಲಿನ ಹಗುರ ಅದು. ಗಾಂವಕರ ಸರ್ ಏನೂ ಕೇಳಲಿಲ್ಲ. "ಅಡ್ಡಿಲ್ಲ," ಎಂದರು. ಈ ಕಡೆಯವರ ಈ ಮಾತನ್ನು ಊರಿನವರಿಗೆ ವಿವರಿಸುವುದು ಕಷ್ಟ. ಚೆನ್ನಾಗಿದೆ, ಪರವಾಗಿಲ್ಲ, ಆಗಲಿ, ಇನ್ನೇನು ಮಾಡುವುದು, ಎಲ್ಲಕ್ಕೂ ಅಡ್ಡಿಲ್ಲ. ಅವರು ಯಾವುದನ್ನು ಹೇಳಿದರೋ ನಾನು ಕೇಳಲಿಲ್ಲ.

ಲೆಕ್ಕ ನಡೆಯಿತು, ಆದರೆ ನಿಧಾನ. ಆಂತರಿಕ ಪರೀಕ್ಷೆ, ಮೌಲ್ಯಮಾಪನ, ಕಾಲೇಜಿನ ತಪಾಸಣೆ, ಮತ್ತೆ ಪರೀಕ್ಷೆ. ಲ್ಯಾಪ್‌ಟಾಪು ಒಂದು ಗ್ರಾಫ್ ಬಿಡಿಸಲು ವಾರಗಟ್ಟಲೆ ಓಡಬೇಕಾಗಿತ್ತು. ನಡುವೆ ಕರೆಂಟು ಹೋದರೆ ಮೊದಲಿಂದ ಶುರು. ಆದರೂ ಉತ್ತರ ಬಂತು. ಗ್ರಾಫಿನ ಗೆರೆ ಇಳಿಯುತ್ತ ಬಂದು, ನಾವು ಊಹಿಸಿದ್ದಕ್ಕಿಂತ ಮೊದಲೇ ಒಂದು ಕಡೆ ಬಾಗಿ, ಮೇಲೆ ತಿರುಗುತ್ತಿತ್ತು. ತಾನೇ ಬಿಸಿಮಾಡಿದ ದಾರಿಯಲ್ಲಿ ಕಣ ಬೇಗ ಪಡೆಯತೊಡಗುತ್ತದೆ ಎಂದು ಅದರ ಅರ್ಥ. ಗಾಂವಕರ ಸರ್ ಆ ಬಾಗಿದ ಜಾಗದ ಮೇಲೆ ಬೆರಳಿಟ್ಟು ಬಹಳ ಹೊತ್ತು ಕೂತರು. ಸುಮಿತ್ರಕ್ಕ ಅಂದು ನನ್ನನ್ನು ಊಟ ಮಾಡಿಸಿಯೇ ಕಳಿಸಿದರು. ಇನ್ನೊಂದಿಷ್ಟು ಪರಿಶೀಲನೆ ಬಾಕಿಯಿತ್ತು. ಬೇಸಿಗೆ ರಜೆಯಲ್ಲಿ ಪ್ರಬಂಧ ಬರೆದು ಕಳಿಸೋಣ ಎಂದುಕೊಂಡೆವು.

ರಜೆ ಶುರುವಾದ ವಾರ, ಕಾಲೇಜಿನ ಗ್ರಂಥಾಲಯದಲ್ಲಿ ಹೊಸ ಪ್ರಬಂಧಗಳನ್ನು ನೋಡುತ್ತಿದ್ದೆ. ಒಂದರ ಶೀರ್ಷಿಕೆ ಓದಿದವಳೇ ಕುರ್ಚಿಯನ್ನು ಕಂಪ್ಯೂಟರಿನ ಹತ್ತಿರ ಎಳೆದುಕೊಂಡೆ. ನಮ್ಮ ಪ್ರಶ್ನೆಯೇ. ಪುಟ ಕೆಳಗೆ ಸರಿಸಿದೆ. ನಮ್ಮ ಗೆರೆಯೇ, ನಮಗಿಂತ ನಯವಾಗಿ, ನಾವು ಅಂದಾಜಿಸಿ ಬಿಟ್ಟ ಭಾಗಗಳನ್ನೂ ಲೆಕ್ಕ ಹಾಕಿ ಬಿಡಿಸಿದ್ದು. ಬರೆದವರ ಹೆಸರಿನ ಕೆಳಗೆ ಆ ಉತ್ತರದ ನಗರದ ವಿಳಾಸವಿತ್ತು. ನನ್ನನ್ನು ಕರೆದಿದ್ದ ಅದೇ ತಂಡ. ಮೊದಲ ಹೆಸರು ಅಲ್ಲಿಗೆ ಹೊಸದಾಗಿ ಸೇರಿದ ಯಾರದೋ. ನನಗೆ ಎಂದು ಇಟ್ಟಿದ್ದ ಕುರ್ಚಿಯಲ್ಲಿ ಕೂತವರು. ಅವರು ನಮ್ಮಿಂದ ಏನನ್ನೂ ತೆಗೆದುಕೊಂಡಿರಲಿಲ್ಲ. ನಾನು ಯಾರಿಗೂ ಹೇಳಿರಲೇ ಇಲ್ಲವಲ್ಲ. ಆ ಪ್ರಶ್ನೆಗೆ ಕಾಲ ಕೂಡಿಬಂದಿತ್ತು, ಅಷ್ಟೇ.

ಮುದ್ರಿಸಿಕೊಂಡು ಬೊಬ್ರುವಾಡಕ್ಕೆ ಹೋದೆ. ಬಿಸಿಲು ಸುಡುತ್ತಿತ್ತು. ಜಗಲಿಯ ತುಂಬ ಹುಲ್ಲು ಹಾಸಿ ಕರಿ ಈಶಾಡು ಹಣ್ಣಿಗೆ ಇಟ್ಟಿದ್ದರು. ಅಂಕೋಲೆಯವರು ಬೇರೆ ಯಾವ ಮಾವನ್ನೂ ಮಾವೆಂದು ಒಪ್ಪದಿರಲು ಕಾರಣವಾದ ಹಣ್ಣು ಅದು. ಸುಮಿತ್ರಕ್ಕ ಒಂದೊಂದನ್ನೇ ಮೂಸಿ ಬೇರೆ ಮಾಡುತ್ತಿದ್ದರು. ಗಾಂವಕರ ಸರ್ ಕನ್ನಡಕ ಹಾಕಿಕೊಂಡು ಕಾಗದ ಕೈಗೆ ತೆಗೆದುಕೊಂಡರು. ನಾನು ಅವರ ಮುಖ ನೋಡುತ್ತ ನಿಂತೆ. ಗ್ರಾಫಿನ ಪುಟಕ್ಕೆ ಬಂದವರೇ ಸಣ್ಣಗೆ ಕೂಗಿದರು.

"ಅಕ್ಕೋರೇ! ಇಲ್ಲೇ ಬಾಗ್ಯದೆ ನೋಡ್ರಿ! ನಮ್ದೂ ಇಲ್ಲೇ ಬಾಗಿತ್ತಲ್ಲ!"

"ಸರ್..."

"ನಮ್ದು ಸರಿ ಇತ್ತು! ಏ, ಕೇಳ್ತಾ, ನಮ್ದು ಸರಿ ಇತ್ತು!" ಹೆಂಡತಿಯ ಕಡೆ ತಿರುಗಿ ಕಾಗದ ಅಲ್ಲಾಡಿಸಿದರು.

"ಸರ್, ಇದು ಖುಷಿ ಪಡೋ ವಿಷಯ ಅಲ್ಲ!" ನನ್ನ ದನಿ ನನಗೇ ಗುರುತಾಗಲಿಲ್ಲ. "ಅವರು ಬರೆದಾಯ್ತು. ಮುಗಿದೋಯ್ತು. ನಮ್ಮದಕ್ಕೆ ಇನ್ನು ಬೆಲೆ ಇಲ್ಲ. ನಾ ಅಲ್ಲಿ ಹೋಗಿದ್ರ ಆ ಹೆಸರಿನ ಜಾಗದಾಗ ನನ್ನ ಹೆಸರಿರತಿತ್ತು!"

ಅವರ ಕೈ ನಿಂತಿತು. ಕಾಗದ ಮಡಿಚಲಿಲ್ಲ, ಹಾಗೇ ತೊಡೆಯ ಮೇಲೆ ಇಟ್ಟುಕೊಂಡರು. "ನಾನು ಹೋಗ್ರಿ ಅಂದಿದ್ದೆ," ಎಂದರು. ಆಪಾದನೆಯಲ್ಲ ಅದು. ಏನು ಹೇಳಬೇಕೆಂದು ತಿಳಿಯದೆ ಹೇಳಿದ್ದು.

"ಹೌದು, ಅಂದಿದ್ರಿ."

ಸುಮಿತ್ರಕ್ಕ ಹಣ್ಣೊಂದನ್ನು ಸೀಳಿ ತಟ್ಟೆಯಲ್ಲಿ ತಂದರು. "ತಿಂದೇ ಹೋಗ್ರಿ ಅಕ್ಕೋರೇ. ಬಿಸ್ಲಲ್ಲಿ ಬಂದಿದ್ರಿ." ತಿಂದೆ. ಅಷ್ಟು ಸಿಹಿ ಹಣ್ಣನ್ನು ಅಷ್ಟು ರುಚಿಯಿಲ್ಲದೆ ಯಾರೂ ತಿಂದಿರಲಾರರು.

ಕಾಲೇಜು ಮತ್ತೆ ಶುರುವಾದಾಗ ಗಾಂವಕರ ಸರ್ ಬಂದರು. ಆ ತಂಡದ ಗೆರೆಗೂ ನಮ್ಮದಕ್ಕೂ ತುದಿಯಲ್ಲಿ ತುಸು ವ್ಯತ್ಯಾಸವಿದೆ, ಯಾಕೆ ಎಂದು ನೋಡೋಣವೇ ಎಂದು ಕೇಳಿದರು. ಇನ್ನು ಬೇಡ ಸರ್ ಎಂದೆ. ಅಡ್ಡಿಲ್ಲ ಎಂದರು. ಉಪಕರಣಗಳ ಧೂಳು ಒರೆಸಿ ಬಸ್ಸಿಗೆ ಹೋದರು. ಶನಿವಾರಗಳಲ್ಲಿ ನಾನು ಬಟ್ಟೆ ಒಗೆಯತೊಡಗಿದೆ.

ಇದಾಗಿ ಈಗ ಕೆಲವು ವರ್ಷಗಳಾದವು. ನನ್ನ ಕೊಂಕಣಿ ಸುಧಾರಿಸಿದೆ. ಮೀನಿನ ವಾಸನೆ ಮೂಗಿಗೆ ತಿಳಿಯುವುದೇ ಇಲ್ಲ. ದೀಪಾವಳಿಗೆ ಊರಿಗೆ ಹೋದಾಗ ಅವ್ವ, "ನಿನ್ನ ಮಾತಿನ್ಯಾಗ ಏನೋ ಬ್ಯಾರೆ ಬರಾಕತ್ತೇತಿ," ಎಂದಳು. ಓಣಿಯ ಹುಡುಗಿಯರು ನನ್ನನ್ನು ಕಾರವಾರದಾಕಿ ಎಂದು ಕರೆಯುತ್ತಾರೆ. ಇಲ್ಲಿ ನಾನು ಇನ್ನೂ ಘಟ್ಟದ ಮೇಲಿನವಳು. ಒಮ್ಮೆ ಸಮ್ಮೇಳನವೊಂದಕ್ಕೆ ಹೋಗಿದ್ದೆ. ಹಳೆಯ ಗೆಳತಿಯೊಬ್ಬಳು ತನ್ನ ವಿದ್ಯಾರ್ಥಿಗಳಿಗೆ ನನ್ನನ್ನು "ಮೊದಲು ಈ ವಿಷಯದಲ್ಲಿ ಕೆಲಸ ಮಾಡುತ್ತಿದ್ದವರು" ಎಂದು ಪರಿಚಯಿಸಿದಳು. ಪ್ರೀತಿಯಿಂದಲೇ ಹೇಳಿದಳು.

ಕಳೆದ ಚಳಿಗಾಲದಲ್ಲಿ ಗಾಂವಕರ ಸರ್ ಫೋನು ಮಾಡಿದರು. ಅಂಕೋಲೆಯ ಒಂದು ಹೈಸ್ಕೂಲಿನಲ್ಲಿ ಮಕ್ಕಳಿಗೆ ಪ್ಲಾಸ್ಮಾ ಬಗ್ಗೆ ಹೇಳಲು ಕರೆದಿದ್ದಾರೆ, ತಪ್ಪು ಹೇಳಿದರೆ ತಿದ್ದಲು ಬರಬೇಕು ಎಂದರು. ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಸುತ್ತಲಿನ ಶಾಲೆಗಳ ಮಕ್ಕಳೂ ಬಂದಿದ್ದರು. ಸರ್ ಒಂದು ತಪ್ಪೂ ಮಾಡಲಿಲ್ಲ. ಇದೇ ಮಣ್ಣಿನ ಕನ್ನಡದಲ್ಲಿ ಕ್ವಾರ್ಕು ಓಡುತ್ತಿತ್ತು, ಸುಸ್ತಾಗುತ್ತಿತ್ತು, ಸುತ್ತಲ ಬಿಸಿ ಅದನ್ನು ನೂಕುತ್ತಿತ್ತು. ಮಕ್ಕಳು ಬಾಯಿ ಬಿಟ್ಟು ಕೇಳಿದರು. ನಾನು ಅಷ್ಟು ವರ್ಷ ಓದಿದ್ದು ಹೀಗೆ ಯಾರ ಮುಖವನ್ನೂ ಬೆಳಗಿಸಿದ್ದನ್ನು ನಾನು ಕಂಡಿರಲಿಲ್ಲ.

ರಾಮನಗುಳಿಯಿಂದ ಬಂದ ಒಬ್ಬ ಹುಡುಗಿ ಎದ್ದು ನಿಂತಳು. "ಸರ್, ಇದನ್ನು ಕಂಡುಹಿಡಿದವ್ರು ಯಾರು?"

"ಬೇರೆ ದೇಶದವ್ರು ಬರೆದ್ರು. ಅದೇ ಉತ್ತರ ನಮ್ಮ ಅಕ್ಕೋರಿಗೂ ಬಂದಿತ್ತು, ಸದಾಶಿವಗಡದಲ್ಲಿ ಕೂತು. ಅಲ್ಲೇ ಹಿಂದೆ ಇದ್ದಾರೆ ನೋಡು."

ಎಲ್ಲ ತಲೆಗಳು ತಿರುಗಿದವು. ನಾನು ಎದ್ದೆ.

"ಅಕ್ಕೋರೇ, ನಿಮ್ಮೂರು ಯಾವ್ದು?"

"ಸದಾಶಿವಗಡದಲ್ಲಿ ಇರ್ತೇನೆ."

"ಅಲ್ಲ, ಊರು?"

ಸಭೆ ನಕ್ಕಿತು. "ತಾಳಿಕೋಟಿ ಕಡೆ," ಎಂದೆ.

"ಮತ್ತೆ ಇಲ್ಲಿಗೆ ಎಂಥಕ್ಕೆ ಬಂದ್ರಿ?"

ಗಾಂವಕರ ಸರ್ ವೇದಿಕೆಯ ಮೇಲಿಂದ ನೋಡುತ್ತಿದ್ದರು. "ಕೆಲಸ ಸಿಕ್ಕಿತು, ಬಂದೆ," ಎಂದು ಕೂತೆ. ಸುಳ್ಳಲ್ಲ ಅದು. ಹುಡುಗಿಗೂ ಅಷ್ಟು ಸಾಕಾಯಿತು, ಅವಳು ಮುಂದಿನ ಪ್ರಶ್ನೆಗೆ ಹೋದಳು.

ಸಂಜೆಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಕಂಡಕ್ಟರಿಗೆ ಸದಾಶಿವಗಡ ಎಂದು ಹೇಳಿ ಟಿಕೆಟು ಪಡೆದೆ. ಗಾಂವಕರ ಸರ್ ಕೊಟ್ಟ ಹೂವಿನ ಗುಚ್ಛ ಮಡಿಲಿನಲ್ಲಿತ್ತು. ಅವರು ಸಭೆಯಲ್ಲಿ ಅಂದದ್ದು ಗೌರವವೋ ಸಮಾಧಾನವೋ ನನಗೆ ತಿಳಿಯಲಿಲ್ಲ. ಕಣ್ಣಿಗೆ ಬಂದದ್ದು ಆ ಉತ್ತರದ ನಗರ. ಅದರ ಒಂದು ಬೀದಿಯೂ ನನಗೆ ಗೊತ್ತಿಲ್ಲ. ಅಲ್ಲಿನ ನದಿಯ ಹೆಸರು ತಿಳಿಯದು, ನದಿ ಇದೆಯೋ ಇಲ್ಲವೋ ಅದೂ ತಿಳಿಯದು. ಆದರೂ ಊರ ನೆನಪಾದಾಗ ತಾಳಿಕೋಟಿಯ ಓಣಿ, ಕೋಲ್ಕತ್ತದ ಕೋಣೆ ಬರುವ ಹಾಗೆಯೇ ಅದೂ ಬರುತ್ತದೆ. ಎಂದೂ ಕಾಲಿಡದ ಆ ಊರನ್ನೂ ನಾನು ಬಿಟ್ಟು ಬಂದ ಊರುಗಳ ಜೊತೆಗೇ ಸೇರಿಸಿಕೊಂಡಿದ್ದೇನೆ.